ಮಾಸ್ಟ್ರು ಹಾಕಿದ ತಪ್ಪು

ಕೆಂಪು ಶಾಯಿಯ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕುಂಜತ್ತೂರಿನಲ್ಲಿ ನಾನು ಏಳನೇ ತರಗತಿಯಲ್ಲಿದ್ದೆ. ಸ್ಕಾಲರ್‌ಶಿಪ್ ಪರೀಕ್ಷೆಗೆ ಒಬ್ಬರನ್ನು ಆರಿಸಲು ಗಣಿತದ ಮಾಸ್ಟ್ರು ಒಂದು ಪರೀಕ್ಷೆ ಇಟ್ಟಿದ್ದರು. ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತ ಬೆಸ ಸಂಖ್ಯೆ ಆಗಬಹುದೇ ಎಂಬ ಪ್ರಶ್ನೆಗೆ ನಾನು ‘ಹೌದು’ ಎಂದು ಬರೆದಿದ್ದೆ. ಅವರು ಕಾಗದ ಹರಿಯುವಷ್ಟು ಒತ್ತಿ ತಪ್ಪು ಹಾಕಿದರು. ಒಂದೇ ಅಂಕದಿಂದ ಅವಕಾಶ ಬೇರೆಯವಳಿಗೆ ಹೋಯಿತು.

ಮರುದಿನ ಮಧ್ಯಾಹ್ನ ಅಮ್ಮನನ್ನು ಕರೆದುಕೊಂಡು ಹೋದೆ.

“ಎರಡು ಅನ್ನುವ ಸಂಖ್ಯೆ ಕೂಡ ಅವಿಭಾಜ್ಯ ಅಲ್ಲವಾ ಮಾಸ್ಟ್ರೇ? ಅದಕ್ಕೆ ಮೂರು ಕೂಡಿಸಿದರೆ ಐದು” ಎಂದೆ.

ಅವರು ನನ್ನ ಉತ್ತರದ ಕಾಗದವನ್ನು ತೆಗೆದುಕೊಂಡು ಮತ್ತೊಮ್ಮೆ ಓದಿದರು. “ಹೆಸರು ಕಳಿಸಿ ಆಯ್ತಲ್ಲ. ಇನ್ನು ಎಂತ ಮಾಡುವುದು?” ಎಂದರು.

ಅಮ್ಮ ಅವರಿಗೆ ಕೈ ಮುಗಿದಳು. ದಾರಿಯಲ್ಲಿ, “ತಪ್ಪು ಅವರದ್ದೇ ಅಂತ ಅವರಿಗೆ ಗೊತ್ತಾಯ್ತಲ್ಲ, ಸಾಕು ಬಿಡು” ಎಂದಳು.

ನಾನು ಅವಳ ಕೈ ಬಿಡಿಸಿಕೊಂಡೆ. ಮನೆ ಮುಟ್ಟುವವರೆಗೂ ಅವಳಿಗಿಂತ ಮುಂದೆ ಮುಂದೆ ನಡೆದೆ.