ಮಾಡೆಲ್‌ನಲ್ಲಿ ಒಂದು ತಪ್ಪು

ಹಾವಿನ ವಿಷ ಮೈಗೇರುವ ವೇಗವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಒಂದನ್ನು ಮೊದಲ ವರ್ಷದ ಶಿವಲೀಲಾ ಮೂರನೆಯ ಸಲ ಮೇಡಂ ಮುಂದೆ ಇಟ್ಟಳು.

“ಎಲ್ಲೋ ತಪ್ಪೈತ್ರೀ ಮೇಡಂ. ಇನ್ನೊಮ್ಮೆ ನೋಡ್ರಿ.”

ಮೇಡಂ ಒಂದೊಂದೇ ಸಾಲು ಓದಿ, ಮತ್ತೆ ಓಡಿಸಿ ನೋಡಿದರು. ಎರಡು ತಾಸು ತಡವಾಗಿ ಇಂಜೆಕ್ಷನ್ ಕೊಟ್ಟರೆ ಕಂಪ್ಯೂಟರಿನೊಳಗಿನ ರೋಗಿ ಸಾಯುತ್ತಿದ್ದ. ಅರ್ಧ ತಾಸಿನೊಳಗೆ ಕೊಟ್ಟರೆ ಪ್ರತಿ ಸಲವೂ ಬದುಕುತ್ತಿದ್ದ.

“ಒಂದೂ ತಪ್ಪಿಲ್ಲ ನೋಡವಾ. ಕ್ಲಾಸಿನಾಗ ಇಷ್ಟು ಚೊಲೋ ಮಾಡೆಲ್ ಯಾರೂ ಮಾಡಿಲ್ಲ. ಪೂರಾ ಮಾರ್ಕ್ಸ್ ಕೊಡ್ತೀನಿ.”

“ಮಾರ್ಕ್ಸ್ ಬ್ಯಾಡ್ರಿ,” ಹುಡುಗಿ ಅಳತೊಡಗಿದಳು. “ಒಂದು ತಪ್ಪು ಹುಡುಕಿ ಕೊಡ್ರಿ. ಅವ್ವಗ ಹಾವು ಕಡಿದಾಗ, ದವಾಖಾನಿ ಆಮ್ಯಾಲೆ, ಮೊದಲು ಮಂತ್ರ ಹಾಕಸೂಣು ಅಂದಾಕಿ ನಾನೇ ರೀ.”