ಓಣಿಯಲ್ಲಿ ಸುರಿದ ಚರಟ

ಇಪ್ಪತ್ತೊಂದನೆಯ ಬೆಳಿಗ್ಗೆಯೂ ಅದು ಅಲ್ಲೇ ಬಿದ್ದಿತ್ತು. ಗೆಂಗ್ ವೈದ್ಯರ ಬಾಗಿಲ ಮುಂದೆ, ಕಲ್ಲು ಹಾಸಿದ ಓಣಿಯ ನಟ್ಟನಡುವೆ, ಒಂದು ಬೊಗಸೆಯಷ್ಟು ಒದ್ದೆ ಚರಟ.

ಚೀನಾದ ಶಾವೊಶಿಂಗ್‌ ಊರಿನಲ್ಲಿ ಇದರ ಅರ್ಥ ಎಲ್ಲರಿಗೂ ಗೊತ್ತು. ಕಷಾಯ ಕುಡಿದಾದ ಮೇಲೆ ಅದರ ಚರಟವನ್ನು ದಾರಿಗೆ ಸುರಿಯಬೇಕು. ಮೊದಲು ತುಳಿದವನ ಕಾಲಿಗೆ ರೋಗ ಅಂಟಿಕೊಂಡು ಹೋಗುತ್ತದೆ. ಗೆಂಗ್ ವೈದ್ಯರು ಇಂಥದ್ದನ್ನೆಲ್ಲ ನಂಬುವವರಲ್ಲ. ನಂಬುವುದಿಲ್ಲ ಎಂದು ತೋರಿಸಲೆಂದೇ ದಿನವೂ ಐದೂವರೆಗೆ ಕಾಲುವೆ ದಂಡೆಗೆ ವ್ಯಾಯಾಮಕ್ಕೆ ಹೊರಟಾಗ ಅದರ ಮೇಲೆ ಎರಡೂ ಕಾಲಿಟ್ಟು, ಚೆನ್ನಾಗಿ ತುಳಿದು ಮುಂದೆ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನೋಡಲು ಒಂದು ನರಪಿಳ್ಳೆಯೂ ಇರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹೆಂಡತಿಗೂ ಹೇಳಿರಲಿಲ್ಲ.

ಕಷ್ಟವೆಂದರೆ, ಅವರಿಗೆ ವಿಪರೀತ ಸುಸ್ತು. ಚಳಿಗಾಲದಿಂದಲೂ ಇತ್ತು, ನಿಜ. ಆಗ ಅದಕ್ಕೆ ವಯಸ್ಸು ಎಂದು ಹೆಸರಿಟ್ಟಿದ್ದರು. ಈಗ ಮೆಟ್ಟಿಲು ಕಂಡರೆ ಅಳು ಬರುವಂತಿತ್ತು. ಹೋದ ವಾರ ಅಂಚೆ ಕಚೇರಿಯ ಹೆಂಗಸೊಬ್ಬಳ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಇಪ್ಪತ್ತು ನಿಮಿಷ ನಾಡಿ ಹಿಡಿದರು. ತನಗೆ ಅಂಥ ಎಂಥ ಕಾಯಿಲೆ ಬಂತೋ ಎಂದು ಆಕೆ ಕಣ್ಣೊರೆಸಿಕೊಳ್ಳತೊಡಗಿದಳು. ಆಮೇಲೆ ವೈದ್ಯರ ಗೊರಕೆ ಕೇಳಿಸಿತು.

ಸೇತುವೆಯಾಚೆ ದೊಡ್ಡ ಆಸ್ಪತ್ರೆ ಇದೆ. ಇನ್ನೊಮ್ಮೆ ಹೀಗಾದರೆ ರೋಗಿಗಳೆಲ್ಲ ಅತ್ತ ಹೋಗುತ್ತಾರೆ, ಅಪ್ಪ ಹಾಕಿಸಿದ್ದ ಬೋರ್ಡು ಕೆಳಗಿಳಿಯುತ್ತದೆ. ತಾವೇ ಮದ್ದು ಕುಡಿಯೋಣವೆಂದರೆ, ನಲವತ್ತು ವರ್ಷದಿಂದ ಒಂದು ಗುಟುಕು ಕಷಾಯ ಬಾಯಿಗೆ ಬಿಟ್ಟುಕೊಂಡವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಗೆಂಗ್ ವೈದ್ಯರಿಗೆ ನಿಜಕ್ಕೂ ಭಯವಾಗಿತ್ತು.

ಇವತ್ತು ತುಳಿದಾದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಚರಟವನ್ನು ಕೆದಕಿದರು. ಹ್ವಾಂಗ್‌ಚಿ ಬೇರಿನ ಬಿಲ್ಲೆಗಳು. ಜ್ಯೇಷ್ಠಮಧು. ಕಿತ್ತಳೆ ಸಿಪ್ಪೆ. ಬಾಣಲೆಯಲ್ಲಿ ಕಪ್ಪಗೆ ಹುರಿದ ಏಳು ಎಲಚಿ ಹಣ್ಣು. ಎಲಚಿಯನ್ನು ಹೀಗೆ ಸುಡುವವರು ಊರಿನಲ್ಲಿ ಒಬ್ಬರೇ, ಗೆಂಗ್ ಮನೆಯವರು. ಸುಸ್ತಿಗೆಂದು ತಾವೇ ಕೊಟ್ಟ ಮದ್ದು.

ಈ ವರ್ಷ ಅದನ್ನು ಕೊಟ್ಟದ್ದು ಇಬ್ಬರಿಗೆ ಮಾತ್ರ. ಒಬ್ಬರು ದೂರದ ನಿಂಗ್ಬೊ ಪಟ್ಟಣದಲ್ಲಿರುವ, ಹೆಂಡತಿಯ ಚಿಕ್ಕಪ್ಪ. ಹೋದ ತಿಂಗಳು ಊಟಕ್ಕೆ ಕೂತಾಗ ಹೆಂಡತಿ ಸೂಯುನ್ ಆತನ ಪರವಾಗಿ ಕೇಳಿದ್ದಳು.

"ಪಾದ ತಣ್ಣಗಿರುತ್ತಾ?" ಎಂದು ಇವರು ವಿಚಾರಿಸಿದ್ದರು.

"ಮಂಜುಗಡ್ಡೆ."

"ನಾಲಿಗೆ?"

"ಬಿಳಿಚಿಕೊಂಡಿದೆ. ಅಂಚಲ್ಲಿ ಹಲ್ಲಿನ ಗುರುತು."

"ನಾಡಿ?"

"ನೀರಲ್ಲಿ ನೆನೆದ ರೇಷ್ಮೆ ದಾರದ ಹಾಗೆ ಅಂತೆ."

"ಗುಲ್ಮ ಸೋತಿದೆ. ಒಂದೇ ವಿಷಯ ಹಿಡ್ಕೊಂಡು ದಿನವಿಡೀ ಯೋಚಿಸೋ ಜನಕ್ಕೆ ಹೀಗಾಗೋದು. ಮಹಾ ಮೊಂಡ ಇರ್ಬೇಕು."

"ಮೊಂಡ ಅಂದ್ರೆ ಮೊಂಡ" ಎಂದು ಸೂಯುನ್ ಪೊಟ್ಟಣಗಳನ್ನು ಕಟ್ಟಿಕೊಂಡಿದ್ದಳು.

ನಿಂಗ್ಬೊದಿಂದ ಚರಟ ನಡೆದು ಬರಲಾರದು. ಉಳಿದದ್ದು ಓಣಿಯ ಎದುರು ಬದಿಯಲ್ಲಿ ತೋಫು ಮಾರುವ ಡಿಂಗ್ ಅಕ್ಕ. ಎರಡು ತಿಂಗಳ ಹಿಂದೆ ತಕ್ಕಡಿ ಎತ್ತಲಾರದೆ ಬಂದಿದ್ದವಳು. ಈಗ ಹೋಗಿ ನೋಡಿದರೆ ಬೀಸುವ ಕಲ್ಲನ್ನು ಒಬ್ಬಳೇ ಎತ್ತಿ ಪಕ್ಕಕ್ಕಿಡುತ್ತಿದ್ದಳು. ವೈದ್ಯರ ಹೊಟ್ಟೆ ಉರಿಯಿತು.

"ನನ್ನ ಕಷಾಯದ ಚರಟ ಎಲ್ಲಿ ಹಾಕ್ತೀಯಾ?"

"ತಮ್ಮನ ಹಂದಿಗಳಿಗೆ ಹಾಕ್ತೀನಿ ಡಾಕ್ಟ್ರೇ. ಯಾಕೆ, ಹಂದಿ ಯಾವುದಾದ್ರೂ ಸುಸ್ತು ಅಂತ ಬಂದಿತ್ತಾ?"

"ಓಣೀಲಿ ಹಾಕಲ್ವಾ?"

"ನಾನು ಹಾಕಿದ್ದನ್ನ ನನ್ನ ಗಿರಾಕಿಗಳೇ ತುಳಿದ್ರೆ ತೋಫು ಯಾರು ತಗೋತಾರೆ? ಅದಿರ್ಲಿ, ನಿಮ್ಮ ಮುಖ ನೋಡಿದ್ರೆ ನೀವೇ ಎಲ್ಲಾದ್ರೂ ನಾಡಿ ತೋರಿಸ್ಕೊಳ್ಳೋದು ಒಳ್ಳೇದು."

ಅವರು ಒಂದು ಅಕ್ಷರವನ್ನೂ ನಂಬಲಿಲ್ಲ. ಇಡೀ ದಿನ ಅದನ್ನೇ ಯೋಚಿಸಿದರು. ಸಂಜೆ ಕೋಳಿ ಸಾರು ಎಂದಿನಂತೆ ಕಹಿಯಾಗಿತ್ತು.

"ಏನಿದು?" ಎಂದು ಮುಖ ಕಿವುಚಿದರು.

"ಈ ಸಲದ ಕೋಳಿಗಳೇ ಹಾಗೆ. ಮಾತಾಡ್ದೆ ಕುಡೀರಿ" ಎಂದಳು ಸೂಯುನ್. ಕುಡಿದರು.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು, ಡಿಂಗ್ ಅಕ್ಕ ತನ್ನ ಅಂಗಡಿಯ ಮುಂದೆ ಬೋರಲು ಹಾಕಿದ್ದ ಮರದ ತೊಟ್ಟಿಗಳ ಹಿಂದೆ ಅಡಗಿ ಕೂತರು. ನಿದ್ದೆ ಬರದಿರಲೆಂದು ಹೆಬ್ಬೆರಳು ತೋರುಬೆರಳುಗಳ ನಡುವಿನ ಜಾಗವನ್ನು ಒತ್ತಿ ಹಿಡಿದರು. ಅದನ್ನು ಹಿಡಿದುಕೊಂಡೇ ನಿದ್ದೆ ಹೋದರು. ತೊಪ್ಪೆಂದು ಏನೋ ಬಿದ್ದ ಸದ್ದಿಗೆ ಎಚ್ಚರವಾಯಿತು. ಡಿಂಗ್ ಅಕ್ಕನ ಬಾಗಿಲಿಗೆ ಇನ್ನೂ ಬೀಗವಿತ್ತು. ಓಣಿಯ ನಡುವೆ ಮಣ್ಣಿನ ಗಡಿಗೆಯನ್ನು ಬೋರಲು ಹಿಡಿದು ತಟ್ಟುತ್ತಿದ್ದವಳು ಸೂಯುನ್.

"ನೀನಾ?"

ಅವಳು ಬೆಚ್ಚಲಿಲ್ಲ. ಅಲ್ಲೇ ತಮ್ಮ ಮನೆಯ ಹೊಸಿಲ ಮೇಲೆ ಕೂತಳು. "ನಾನೇ. ನಿಂಗ್ಬೊದಲ್ಲಿ ನಂಗೆ ಯಾವ ಚಿಕ್ಕಪ್ಪ ಇದಾನೆ? ನೀವು ನಿದ್ದೆ ಮಾಡುವಾಗ ನಾಲಿಗೆ ನೋಡಿದೆ, ನಾಡಿ ಹಿಡಿದೆ. ಕಷಾಯ ಅಂದಿದ್ರೆ ಕುಡೀತಿದ್ರಾ? ಅದಕ್ಕೇ ಸಾರಲ್ಲಿ ಹಾಕಿದೆ."

ಗೆಂಗ್ ವೈದ್ಯರು ತೊಟ್ಟಿಗಳ ಹಿಂದಿನಿಂದ ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು.

"ನಿಮ್ಮ ಸುಸ್ತು ಯಾರಾದ್ರೂ ತಗೊಂಡು ಹೋಗ್ಲಿ ಅಂತ ದಿನಾ ಇಲ್ಲಿ ಸುರಿದು, ಹಿತ್ತಿಲಿಂದ ಮಾರ್ಕೆಟ್ಟಿಗೆ ಹೋಗ್ತೀನಿ. ವಾಪಸ್ ಬರೋ ಹೊತ್ತಿಗೆ ಯಾವನೋ ಪುಣ್ಯಾತ್ಮ ಎರಡೂ ಕಾಲಲ್ಲಿ ತುಳಿದು ಹೋಗಿರ್ತಾನೆ, ಒಂದಿನಾನೂ ತಪ್ಪಿಸಿಲ್ಲ. ಆದ್ರೂ ನಿಮಗ್ಯಾಕೆ ವಾಸಿ ಆಗ್ತಿಲ್ಲ ಅನ್ನೋದೇ ನಂಗೆ ತಿಳೀತಿಲ್ಲ."

ಗೆಂಗ್ ವೈದ್ಯರು ಮೆಲ್ಲಗೆ ಕಾಲೆತ್ತಿ, ನಿನ್ನೆಯ ಸುಟ್ಟ ಎಲಚಿಯ ಸಿಪ್ಪೆ ಇನ್ನೂ ಅಂಟಿದ್ದ ಚಪ್ಪಲಿಯ ಅಡಿಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡರು.