ಐವರ ನಂತರ

ಯಹೂದಿಗಳ ನರಮೇಧದಂಥ ಸಂಗತಿಯನ್ನು ದುಬೈಯ ಒಂದು ಏಸಿ ಕೋಣೆಯಲ್ಲಿ ಕೂತವರ ಕಥೆಯಾಗಿ ಹೇಳುವುದು ಅಧಿಕಪ್ರಸಂಗ ಎನಿಸಿದರೆ ಓದುಗರು ಮೊದಲೇ ಕ್ಷಮಿಸಬೇಕು. ನಡೆದದ್ದು ಸಣ್ಣದು. ಆ ನರಮೇಧದ ಕುರಿತ ಒಂದು ಚಲನಚಿತ್ರಕ್ಕೆ ಸುಪ್ರೀತಾ ಬರೆದುಕೊಟ್ಟ ಕನ್ನಡ ಸಬ್‌ಟೈಟಲ್ ವಾಪಸ್ ಬಂತು. ಪರಿಶೀಲಿಸಿದ ಕನ್ನಡಿಗರು ಯಾರೋ ಒಂದು ಟಿಪ್ಪಣಿ ಹಾಕಿದ್ದರು: ‘ಎಣಿಕೆಯ ದೃಶ್ಯದಲ್ಲಿ ಮಾತು ಒಂದು ಕಡೆ, ಚಿತ್ರ ಒಂದು ಕಡೆ. ದಯವಿಟ್ಟು ಚಿತ್ರ ನೋಡಿ.’

ಸಂಜೆ ಕ್ಲಾಸುಗಳಿಗೆ ಹೋಗಿ ಕಲಿತು, ಡೇಟಾ ಎಂಟ್ರಿಯಿಂದ ಮೇಲೆ ಬಂದು ಅವಳು ಹಿಡಿದ ಮೊದಲ ಸಿನಿಮಾ ಅದು. ಇನ್ನೊಮ್ಮೆ ವಾಪಸ್ ಬಂದರೆ ಸಿನಿಮಾ ಬೇರೆ ಏಜೆನ್ಸಿಗೆ, ಅವಳು ಹಳೆಯ ಕುರ್ಚಿಗೆ.

“ಚಿತ್ರ ನೋಡಿಯೇ ಇಲ್ವಾ ನೀನು?” ಪಕ್ಕದ ಮೇಜಿನ ಉಸ್ಮಾನ್ ಕೇಳಿದ. ಉಳ್ಳಾಲದವನು, ಜುಮೇರಾ ಲೇಕ್ ಟವರ್ಸಿನ ಆ ಆಫೀಸಿನಲ್ಲಿ ಸಾಲುಗಳನ್ನು ದೃಶ್ಯದ ವೇಗಕ್ಕೆ ಹೊಂದಿಸುವ ಕೆಲಸ ಅವನದು.

“ನೋಡದೆ ಎಂತ? ಸಣ್ಣ ಮಾಡಿ ಮೂಲೆಯಲ್ಲಿ ಇಟ್ಟಿದ್ದೆ.”

“ಎಷ್ಟು ಸಣ್ಣ?”

“ಅಂಚೆ ಸ್ಟ್ಯಾಂಪಿನಷ್ಟು. ಹೆದರಿಕೆ ಆಗ್ತದೆ ಉಸ್ಮಾನ್ ಭಾಯ್. ರಕ್ತ, ಹೆಣ ಎಲ್ಲ ಕಂಡ್ರೆ ನಂಗೆ ಅನ್ನ ಇಳಿಯುದಿಲ್ಲ.”

“ಲಾಯ್ಕುಂಟು! ಮದುಮಗಳ ಹೆಸರು ಕೇಳದೆ ನಿಕಾಹ್ ಓದಿಸಿದ ಹಾಗೆ ಆಯ್ತು. ಯಲ್ಲಾ, ದೊಡ್ಡ ಮಾಡು.”

ಅವಳು ಒಂದು ಕೈಯನ್ನು ಕಣ್ಣಿನ ಹತ್ತಿರ ಸಿದ್ಧವಾಗಿಟ್ಟುಕೊಂಡೇ ಚಿತ್ರವನ್ನು ದೊಡ್ಡದು ಮಾಡಿದಳು. ಹಿಮ ಬಿದ್ದ ಬಯಲು. ಸಾಲಾಗಿ ನಿಂತ ಹೆಂಗಸರು. ಎಣಿಸುವ ಅಧಿಕಾರಿ ಕಾಣುವುದಿಲ್ಲ, ಸ್ವರ ಮಾತ್ರ. ಮೊದಲು ಕ್ಯಾಮೆರಾ ಹೆಂಗಸರ ಮುಖಕ್ಕೆ ನೇರವಾಗಿತ್ತು. ಸ್ವರ ‘ಒಂದು’ ಎಂದಾಗ ಅದು ಒಂಚೂರು ಕೆಳಗಿಳಿಯಿತು. ಹಣೆಗಳು ಚೌಕಟ್ಟಿನಿಂದ ಹೊರಗೆ ಹೋದವು. ‘ಎರಡು’ ಎಂದಾಗ ಕಣ್ಣುಗಳು. ‘ಮೂರು’, ಬಾಯಿಗಳು. ಐದು ಎನ್ನುವಷ್ಟರಲ್ಲಿ ಪರದೆಯ ಮೇಲೆ ಉಳಿದದ್ದು ಕೋಟಿನ ಗುಂಡಿಗಳು. ಆಮೇಲೆ ಸ್ವರ ಚುರುಕಾಯಿತು, ಕ್ಯಾಮೆರಾ ಸಾಲಿನುದ್ದಕ್ಕೂ ಸರಿಯಿತು: ಗುಂಡಿ, ಗುಂಡಿ, ಗುಂಡಿ. ಯಾರೂ ಯಾರನ್ನೂ ಮುಟ್ಟಲಿಲ್ಲ. ಒಂದು ಹನಿ ರಕ್ತವಿಲ್ಲ. ಆದರೂ ತನ್ನ ಕಣ್ಣೆದುರೇ ಏನೋ ನಡೆದುಹೋಯಿತು ಅಂತ ಸುಪ್ರೀತಾಳಿಗೆ ಅನ್ನಿಸಿತು. ಕಣ್ಣಿಗೆಂದು ಎತ್ತಿಟ್ಟಿದ್ದ ಕೈಯನ್ನು ಇಳಿಸಿದಳು.

ಗುಂಡಿಗಳ ಕೆಳಗೆ ಅವಳದೇ ಸಾಲುಗಳು ಓಡುತ್ತಿದ್ದವು: ಒಬ್ಬಳು. ಇಬ್ಬರು. ಮೂವರು.

“ಕಂಡಿತಾ?” ಉಸ್ಮಾನ್ ಹೇಳಿದ. “ಇವ ಜನ ಎಣಿಸುದು ಅಂತ ನೀನು ಬರೆದಿದ್ದಿ. ಇವ ಎಣಿಸುದು ನಮ್ಮ ಬಂದರಿನ ದಕ್ಕೆಯಲ್ಲಿ ಮೀನಿನ ಬುಟ್ಟಿ ಎಣಿಸ್ತಾರಲ್ಲ, ಹಾಗೆ. ಒಂದು, ಎರಡು, ಮೂರು.”

“ಮನುಷ್ಯರಿಗೆ ಒಂದು ಎರಡು ಹಾಕುದಾ? ನನ್ನ ಮಗಳು ‘ಎರಡು ಆಂಟಿ ಬಂದ್ರು’ ಅಂದ್ರೆ ದಿನಾ ತಿದ್ದುದು ನಾನು, ‘ಇಬ್ಬರು’ ಹೇಳು ಅಂತ.”

“ಅವಳು ಎಂತ ಹೇಳ್ತಾಳೆ?”

“‘ವಾಟೆವರ್ ಮಮ್ಮಿ’ ಹೇಳ್ತಾಳೆ.”

“ಇವತ್ತು ಅಮ್ಮನೇ ತಪ್ಪು ಬರೀಲಿ.”

ಅವಳು ಬರೆದಳು. ಮೂಲದ ಮಾತಿನಲ್ಲಿ ಮನುಷ್ಯರಿಗೂ ಬುಟ್ಟಿಗೂ ಸಂಖ್ಯೆ ಒಂದೇ. ಅದಕ್ಕೇ ನಿರ್ದೇಶಕ ಹೇಳಬೇಕಾದ್ದನ್ನೆಲ್ಲ ಕ್ಯಾಮೆರಾ ಇಳಿಸಿ ಹೇಳಿದ್ದ. ಅವನು ಅಷ್ಟು ಹಿಮದ ನಡುವೆ ಮಾಡಿದ್ದನ್ನು ಕನ್ನಡದಲ್ಲಿ ‘ಮೂವರು’ ಪದದ ನಡುವಿನ ಒಂದು ‘ವ’ ಅಳಿಸಿದರೆ ಮಾಡಿದಂತಾಗುತ್ತಿತ್ತು. ಅವಳು ಬ್ಯಾಕ್‌ಸ್ಪೇಸ್ ಒತ್ತಿ ಒಂದೊಂದನ್ನೇ ಅಳಿಸಿದಳು.

ಮುಂದಿನ ದೃಶ್ಯದಲ್ಲಿ ಪರದೆ ಪೂರ್ತಿ ಕಪ್ಪು. ಅದೇ ಹೆಂಗಸರು, ರಾತ್ರಿಯ ಬ್ಯಾರಕ್ಕು. ಅವರಲ್ಲೇ ಹಿರಿಯಳೊಬ್ಬಳು ಎಲ್ಲರೂ ಮರಳಿದರೇ ಎಂದು ಪಿಸುದನಿಯಲ್ಲಿ ಎಣಿಸುತ್ತಾಳೆ. ಅಧಿಕಾರಿ ಆಡಿದ ಅದೇ ಪದಗಳು, ಅಕ್ಷರ ವ್ಯತ್ಯಾಸವಿಲ್ಲ. ಆದರೆ ಒಂದೊಂದು ಸಂಖ್ಯೆಗೂ ಕತ್ತಲಿಂದ ಒಂದೊಂದು ಮುಖ ಮೂಡಿತು. ದೀಪ ಎಲ್ಲಿದೆಯೆಂದು ತಿಳಿಯಲಿಲ್ಲ, ಕರೆದದ್ದರಿಂದಲೇ ಬೆಳಕಾದ ಹಾಗೆ. ಮೂಡಿದ ಮುಖ ಆರಲೂ ಇಲ್ಲ. ಹೊಸಬಳಿಗೆ ಜಾಗ ಕೊಡಲು ಕ್ಯಾಮೆರಾವೇ ಹಿಂದೆ ಸರಿಯಿತು. ಕೆಳಗೆ ಸುಪ್ರೀತಾ ಹಿಂದೆಯೇ ಬರೆದಿದ್ದ ಸಾಲುಗಳು: ಒಬ್ಬಳು. ಇಬ್ಬರು. ಮೂವರು. ನಾಲ್ವರು. ಐವರು.

“ಯಾ ಅಲ್ಲಾಹ್,” ಎಂದ ಉಸ್ಮಾನ್. ಅವನ ಸುಲೈಮಾನಿ ಚಹಾ ಕೈಯಲ್ಲೇ ಆರಿತ್ತು.

ಆರನೆಯ ಮುಖ ಬಂತು. ತಲೆ ಬೋಳಿಸಿದ ಎಳೆಯ ಹುಡುಗಿ. ಕೆಳಗೆ ‘ಆರು ಮಂದಿ’ ಎಂದಿತ್ತು.

“ಆರಕ್ಕೆ ಹಾಗೆ ಒಂದೇ ಪದ ಇಲ್ವಾ?”

“ಹಳೆಗನ್ನಡದಲ್ಲಿ ಇರಬಹುದು. ಆಡುವ ಮಾತಲ್ಲಿ ಐವರವರೆಗೆ ಉಂಟು. ಮತ್ತೆ ಜನ, ಮಂದಿ ಅಂತ ಸೇರಿಸುದೇ.”

“ಐದಕ್ಕೇ ಖಲಾಸಾ?” ಉಸ್ಮಾನ್ ಆರಿದ ಚಹಾವನ್ನು ಮೇಜಿನ ಮೇಲಿಟ್ಟ.

ಕೊನೆಗೊಂದು ಕಪ್ಪು ಪರದೆ. ಸಂಗೀತವಿಲ್ಲ. ನಡುವೆ ಕೊಲೆಯಾದವರ ಲೆಕ್ಕದ ಬಿಳಿಯ ಅಂಕೆ ಮಾತ್ರ: ಅರವತ್ತು ಲಕ್ಷ. ಒಮ್ಮೆ ಓದಿ ಮುಗಿದರೂ ನಿರ್ದೇಶಕ ಅದನ್ನು ತೆಗೆಯುವುದಿಲ್ಲ. ಮತ್ತೆ ಓದಬೇಕು, ಮತ್ತೆ ಓದಬೇಕು. ಸುಪ್ರೀತಾ ಅಂಕೆಯ ಮುಂದೆ ‘ಮಂದಿ’ ಸೇರಿಸಿದಳು. ಮೂಲದಲ್ಲಿ ಇಲ್ಲದ್ದು ಎಂದು ತೆಗೆದಳು. ತೆಗೆದರೆ ಅದು ಹಿಮದಲ್ಲಿ ಕೇಳಿದ ಸ್ವರದಂತೆಯೇ ಕೇಳಿಸಿತು. ಪುನಃ ಸೇರಿಸಿದಳು. ಅಷ್ಟು ಸಾಲದೆಂದು ಗೊತ್ತಿದ್ದೂ ಕಳಿಸಿಬಿಟ್ಟಳು.

ಮರುದಿನ ಒಪ್ಪಿಗೆ ಬಂತು. ಎಣಿಕೆಯ ದೃಶ್ಯ ಈಗ ಸರಿಯಾಗಿದೆ ಎಂದು ಬರೆದಿದ್ದರು. ಕೊನೆಯ ಸಾಲಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಅದು ಸರಿಯಿತ್ತೆಂದೋ, ಅದಕ್ಕೆ ಸರಿಯಾದ ಪದ ಅವರ ಬಳಿಯೂ ಇಲ್ಲವೆಂದೋ, ಸುಪ್ರೀತಾಳಿಗೆ ಈವರೆಗೆ ಗೊತ್ತಾಗಿಲ್ಲ.